ಮಂಗಳವಾರ ರಾತ್ರಿ ಒಂಬತ್ತು ಗಂಟೆಯ ಹಸಿವು

ಕಂಪನಿಯವರು ವರ್ಷಕ್ಕೊಮ್ಮೆ ಮಾಡಿಸುವ ಆರೋಗ್ಯ ತಪಾಸಣೆಯ ವರದಿಯನ್ನು ನಾನು ತೆರೆದು ನೋಡಿದವನೇ ಅಲ್ಲ. ಕಳೆದ ವರ್ಷ ಮಾತ್ರ ಆಸ್ಪತ್ರೆಯಿಂದಲೇ ಕರೆ ಬಂತು, ಡಾಕ್ಟರ್ ಒಮ್ಮೆ ಮಾತಾಡಬೇಕಂತೆ ಎಂದು. ಹೋದೆ. ಎಚ್‌ಬಿಎ1ಸಿ 6.1 ಎಂದಿತ್ತು. ಹಿಂದಿನ ಎರಡು ಮೂರು ತಿಂಗಳಲ್ಲಿ ರಕ್ತದ ಸಕ್ಕರೆ ಸರಾಸರಿ ಎಷ್ಟಿತ್ತು ಎಂದು ತಿಳಿಸುವ ಪರೀಕ್ಷೆ ಅದು. 5.7ರಿಂದ 6.4ರ ನಡುವೆ ಇದ್ದರೆ ಮಧುಮೇಹದ ಹೊಸ್ತಿಲು, 6.5 ದಾಟಿದರೆ ಮನೆಯೊಳಗೆ. ನನಗಾಗ 36 ವರ್ಷ.

ಡಾಕ್ಟರ್ ವಯಸ್ಸಾದ ತಮಿಳು ಹೆಂಗಸು. ಬೈಯಲಿಲ್ಲ, ಹೆದರಿಸಲಿಲ್ಲ. ‘ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ತಿಂದಿರಿ, ಒಂದೂ ಬಿಡದೆ ಹೇಳಿ’ ಎಂದರು. ಹೇಳತೊಡಗಿದೆ. ಬೆಳಿಗ್ಗೆ ಕಂದು ಬಣ್ಣದ ಬ್ರೆಡ್ಡು, ಜಾಮ್. ಹನ್ನೊಂದಕ್ಕೆ ಆಫೀಸಿನ ಮೆಷಿನ್ ಟೀ, ನಾಲ್ಕು ಬಿಸ್ಕತ್ತು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಸಾಂಬಾರಿಗೊಮ್ಮೆ, ರಸಮ್ಮಿಗೊಮ್ಮೆ, ಮೊಸರಿಗೊಮ್ಮೆ ಅನ್ನ. ಸಂಜೆ ಚಿಪ್ಸ್. ರಾತ್ರಿ ಒಂಬತ್ತೂವರೆಗೆ ನೂಡಲ್ಸ್. ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಇಳಿದಂತಾಯಿತು. ಇಡೀ ದಿನದಲ್ಲಿ ಒಂದು ಹಣ್ಣಿಲ್ಲ, ಒಂದು ಹಿಡಿ ಸೊಪ್ಪಿಲ್ಲ.

‘ನಿಮ್ಮೂರು ಯಾವುದು?’

‘ಕರ್ನಾಟಕ. ತಿಪಟೂರಿನ ಹತ್ತಿರ ಒಂದು ಹಳ್ಳಿ.’

‘ಅಲ್ಲಿ ಏನು ಊಟ?’

‘ಮುದ್ದೆ, ಸೊಪ್ಪಿನ ಸಾರು.’

‘ಮತ್ತೆ ಇಲ್ಲಿ ಯಾಕಿಲ್ಲ?’

ಆ ಪ್ರಶ್ನೆಗೆ ಅಲ್ಲಿ ಕೂತು ಉತ್ತರ ಹೇಳಲಾಗಲಿಲ್ಲ. ಉತ್ತರ ಹುಡುಕಲು ನನಗೆ ಹೆಚ್ಚುಕಡಿಮೆ ಆರು ತಿಂಗಳು ಹಿಡಿಯಿತು. ನನ್ನಂತೆಯೇ ಊರು ಬಿಟ್ಟು ಬಂದು ರಾತ್ರಿ ಒಂಬತ್ತಕ್ಕೆ ಮನೆ ಬಾಗಿಲು ತೆಗೆಯುವ ಓದುಗರಿಗೆ ಇದರಿಂದ ಏನಾದರೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಹೊಸ್ತಿಲಿನಿಂದ ಹಿಂದಕ್ಕೆ ಬರಬಹುದು

ಚೆನ್ನೈಗೂ ಸಕ್ಕರೆ ಕಾಯಿಲೆಯ ಅಧ್ಯಯನಕ್ಕೂ ಹಳೆಯ ನಂಟು. 1948ರಲ್ಲಿ ಇಲ್ಲಿನ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ ಡಾ. ಎಂ. ವಿಶ್ವನಾಥನ್ ಮಧುಮೇಹಕ್ಕೆಂದೇ ಪ್ರತ್ಯೇಕ ಕ್ಲಿನಿಕ್ ಆರಂಭಿಸಿದರು. ಇದೇ ಊರಿನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಜೊತೆ ಸೇರಿ ದೇಶದುದ್ದಕ್ಕೂ ಸಮೀಕ್ಷೆ ಮಾಡಿ 2023ರಲ್ಲಿ ಹೊರಗಿಟ್ಟ ಅಂದಾಜನ್ನು ನೀವೂ ಓದಿರುತ್ತೀರಿ. ದೇಶದಲ್ಲಿ 10.1 ಕೋಟಿ ಜನಕ್ಕೆ ಮಧುಮೇಹ, ಇನ್ನೂ 13.6 ಕೋಟಿ ಜನ ಹೊಸ್ತಿಲ ಮೇಲೆ. ಆ 13.6 ಕೋಟಿಯಲ್ಲಿ ನಾನೂ ಒಬ್ಬ.

ನನಗೆ ಧೈರ್ಯ ತಂದದ್ದು ಮಾತ್ರ ಬೇರೆ ಅಧ್ಯಯನ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ತಂಡದವರು ಹೊಸ್ತಿಲಲ್ಲಿದ್ದ 531 ಜನರನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಪ್ರಕಟಿಸಿದ್ದು. ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ನೂರಕ್ಕೆ 55 ಮಂದಿ ಮಧುಮೇಹಿಗಳಾದರು. ಊಟ ತಿದ್ದಿಕೊಂಡು ದಿನಾ ನಡೆದವರಲ್ಲಿ ಆ ಸಂಖ್ಯೆ 39. ಅದರ ಜೊತೆಗೆ ಮಾತ್ರೆಯನ್ನೂ ಕೊಟ್ಟ ಗುಂಪಿನಲ್ಲಿ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಊಟ, ನಡಿಗೆ ಎರಡೇ ಇಷ್ಟು ಕೆಲಸ ಮಾಡುತ್ತವೆ ಎಂದರೆ ಪ್ರಯತ್ನ ಪಡದೆ ಇರುವುದಕ್ಕೆ ನೆಪವೇ ಉಳಿಯಲಿಲ್ಲ.

ಕೂನೂರಿನ ಒಂದು ಕೋಣೆ

ಏನು ತಿನ್ನಬೇಕು ಎಂದು ಹುಡುಕಿದರೆ ಮೊಬೈಲ್ ತುಂಬ ಪಂಡಿತರು. ಒಬ್ಬರು ಅನ್ನ ವಿಷ ಅಂತಾರೆ, ಇನ್ನೊಬ್ಬರು ಎಣ್ಣೆ ವಿಷ ಅಂತಾರೆ, ಮೂರನೆಯವರು ಪುಡಿ ಮಾರುತ್ತಾರೆ. ಬೇಸತ್ತು, ನಮ್ಮ ದೇಶದ್ದೇ ಆಹಾರ ಮಾರ್ಗಸೂಚಿಯನ್ನು ಕೂತು ಓದಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ 8ರಂದು ಬಿಡುಗಡೆ ಮಾಡಿದ್ದು. ಸಂಸ್ಥೆಯ ಆಗಿನ ನಿರ್ದೇಶಕಿ ಡಾ. ಹೇಮಲತಾ ಆರ್. ನೇತೃತ್ವದಲ್ಲಿ ತಯಾರಾದ ಇದರಲ್ಲಿ ಒಟ್ಟು 17 ಸೂತ್ರಗಳಿವೆ. ಹಿಂದೆ 2011ರಲ್ಲಿ ಪರಿಷ್ಕರಣೆಯಾಗಿತ್ತು.

ಈ ಸಂಸ್ಥೆ ಹುಟ್ಟಿದ್ದು ತಮಿಳುನಾಡಿನಲ್ಲೇ ಎಂಬುದು ನನಗೆ ಗೊತ್ತಿರಲಿಲ್ಲ. 1918ರಲ್ಲಿ ನೀಲಗಿರಿಯ ಕೂನೂರಿನ ಪಾಶ್ಚರ್ ಇನ್‌ಸ್ಟಿಟ್ಯೂಟಿನ ಒಂದೇ ಒಂದು ಕೋಣೆಯಲ್ಲಿ ಸರ್ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯ ಬೆರಿಬೆರಿ ಕಾಯಿಲೆಯ ವಿಚಾರಣೆಗೆಂದು ಶುರುಮಾಡಿದ ಪ್ರಯೋಗಾಲಯ ಅದು. 1958ರಲ್ಲಿ ಹೈದರಾಬಾದಿಗೆ ಹೋಯಿತು, 1969ರಲ್ಲಿ ಈಗಿನ ಹೆಸರು ಪಡೆಯಿತು. ಬೆರಿಬೆರಿ ಬರುವುದು ಬಿ1 ಜೀವಸತ್ವದ ಕೊರತೆಯಿಂದ. ಮಿಲ್ಲಿನಲ್ಲಿ ಅಕ್ಕಿಯನ್ನು ಬೆಳ್ಳಗೆ ಪಾಲಿಶ್ ಮಾಡಿದಾಗ ತೌಡಿನೊಂದಿಗೆ ಹೊರಟುಹೋಗುವುದು ಅದೇ. ಅಂದರೆ ನೂರು ವರ್ಷದ ಹಿಂದೆಯೂ ಪ್ರಶ್ನೆ ಇದೇ ಆಗಿತ್ತು: ಕಾಳು ಹೊಲದಿಂದ ತಟ್ಟೆಗೆ ಬರುವ ದಾರಿಯಲ್ಲಿ ನಾವು ಏನನ್ನು ಕಳೆಯುತ್ತಿದ್ದೇವೆ? ಈಗ ಅದಕ್ಕೆ ಇನ್ನೊಂದು ಸೇರಿದೆ: ಏನನ್ನು ಸೇರಿಸುತ್ತಿದ್ದೇವೆ?

ಮಾರ್ಗಸೂಚಿಯ ಪ್ರಕಾರ ದೇಶದ ಒಟ್ಟು ಕಾಯಿಲೆಯ ಹೊರೆಯಲ್ಲಿ ಶೇ 56.4ರಷ್ಟಕ್ಕೆ ಅನಾರೋಗ್ಯಕರ ಆಹಾರ ಕಾರಣ. 2000 ಕ್ಯಾಲೊರಿ ಬೇಕಾದ ವ್ಯಕ್ತಿಗೆ ದಿನಕ್ಕೆ ಅದು ಹೇಳುವ ತಟ್ಟೆ ಹೀಗಿದೆ: ಧಾನ್ಯ 250 ಗ್ರಾಂ, ತರಕಾರಿ–ಸೊಪ್ಪು 400 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ–ಮಾಂಸ 85 ಗ್ರಾಂ, ಹಣ್ಣು 100 ಗ್ರಾಂ, ಕಡಲೆಬೀಜದಂಥವು 35 ಗ್ರಾಂ, ಎಣ್ಣೆ 27 ಗ್ರಾಂ, ಜೊತೆಗೆ 300 ಮಿಲಿಲೀಟರ್ ಹಾಲು ಅಥವಾ ಮೊಸರು. ಧಾನ್ಯದಿಂದ ಬರುವ ಶಕ್ತಿ ಶೇ 45 ಮೀರಬಾರದು. ಉಪ್ಪು 5 ಗ್ರಾಂ ಒಳಗೆ. ಪ್ರೊಟೀನ್ ಪುಡಿಗಳು ಬೇಡ. ಅತಿಯಾಗಿ ಸಂಸ್ಕರಿಸಿದ ತಿನಿಸುಗಳನ್ನು ಆದಷ್ಟು ಕಡಿಮೆ ಮಾಡಿ. ಪೊಟ್ಟಣದ ಮೇಲಿನ ಬರಹ ಓದಿ.

ಕೊನೆಯ ಮಾತು ನನಗೆ ಹಿಡಿಸಿತು. ಓದುವುದು ನನಗೆ ಬರುತ್ತದೆ. ದಿನವಿಡೀ ಬೇರೆಯವರು ಬರೆದ ಕೋಡ್ ಓದಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು.

ಬಾಗಿಲ ಹಿಂದಿನ ಚೀಲ

ಅಡುಗೆಮನೆಯ ಬಾಗಿಲ ಹಿಂದೆ ಒಂದು ಬಟ್ಟೆ ಚೀಲ ನೇತುಹಾಕಿದೆ. ತೊರೈಪಾಕ್ಕಂನ ನಮ್ಮ ಫ್ಲ್ಯಾಟಿಗೆ ಒಂದು ತಿಂಗಳಲ್ಲಿ ಬಂದ ಪ್ರತಿ ಆಹಾರ ಪೊಟ್ಟಣವನ್ನೂ ತೊಳೆದು, ಒಣಗಿಸಿ ಅದರಲ್ಲಿ ಹಾಕಿದ್ದು. ದಿನಾ ಬರುವ ಹಾಲಿನ ಪೊಟ್ಟಣವೊಂದನ್ನು ಲೆಕ್ಕದಿಂದ ಬಿಟ್ಟೆ. ಹೆಂಡತಿಗೆ ನಗು, ಆರು ವರ್ಷದ ಮಗಳಿಗೆ ಅದೊಂದು ಆಟ. ತಿಂಗಳ ಕೊನೆಗೆ ನೆಲದ ಮೇಲೆ ಸುರಿದು ಎಣಿಸಿದೆವು. 94 ಪೊಟ್ಟಣ.

ಮೂರು ಗುಡ್ಡೆ ಮಾಡಿದೆ. ಮೊದಲನೆಯದು ಬೇಳೆ, ರವೆ, ಬೆಲ್ಲ, ಮೊಸರು, ಕಡಲೆಬೀಜ, ಇಡ್ಲಿ ಹಿಟ್ಟು ಇಂಥವು. 41. ಎರಡನೆಯದು ಉಪ್ಪು, ಎಣ್ಣೆ, ಸಕ್ಕರೆ ಸೇರಿಸಿ ಇಡುವ ಉಪ್ಪಿನಕಾಯಿ, ಹಪ್ಪಳ, ಉಪ್ಪು ಹಾಕಿ ಹುರಿದ ಬೀಜಗಳು. 15. ಮೂರನೆಯದು ನಮ್ಮ ಯಾರ ಅಡುಗೆಮನೆಯಲ್ಲೂ ಇಲ್ಲದ ಸಾಮಾನು ಬೆರೆಸಿ ಮಾಡಿದ ಬ್ರೆಡ್ಡು, ಬಿಸ್ಕತ್ತು, ನೂಡಲ್ಸ್, ಚಿಪ್ಸ್, ಸಾಸ್, ಬೆಳಗಿನ ಸಿಹಿ ಸೀರಿಯಲ್. 38.

ಹೀಗೆ ಗುಡ್ಡೆ ಮಾಡುವ ಉಪಾಯ ನನ್ನದಲ್ಲ. ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೇರೊ ತಂಡ ರೂಪಿಸಿದ ನೋವಾ ಎಂಬ ವಿಂಗಡಣೆಯ ಹಳ್ಳಿ ಆವೃತ್ತಿ ಇದು. 2014ರ ಬ್ರೆಜಿಲ್‌ನ ಆಹಾರ ಮಾರ್ಗಸೂಚಿ ಈ ವಿಂಗಡಣೆಯ ಮೇಲೆಯೇ ನಿಂತಿದೆ. ನಮ್ಮ 2024ರದ್ದೂ ಅತಿಸಂಸ್ಕರಿತ ಆಹಾರಕ್ಕೆ ಪ್ರತ್ಯೇಕ ಅಧ್ಯಾಯ ಕೊಟ್ಟಿದೆ.

ಮೂರನೇ ಗುಡ್ಡೆಯನ್ನು ಒಂದೊಂದಾಗಿ ಓದಿದೆ. ನಮ್ಮ ದೇಶದ ನಿಯಮದಂತೆ ಪೊಟ್ಟಣದ ಹಿಂದೆ ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಮೊದಲು ಬರೆದದ್ದೇ ಅತಿ ಹೆಚ್ಚು. ಇದೊಂದು ಗೊತ್ತಿದ್ದರೆ ಸಾಕು, ಮುಂದಿನ ಚಿತ್ರಕ್ಕೂ ಹಿಂದಿನ ಬರಹಕ್ಕೂ ಇರುವ ದೂರ ತಿಳಿಯುತ್ತದೆ. ಮುಂದೆ ರಾಗಿ ತೆನೆಯ ಚಿತ್ರವಿದ್ದ ಬಿಸ್ಕತ್ತಿನ ಹಿಂದೆ ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ತಾಳೆಎಣ್ಣೆ, ನಾಲ್ಕನೆಯದಾಗಿ ರಾಗಿ ಹಿಟ್ಟು ಶೇ 12. ನಾನು ಆರೋಗ್ಯಕ್ಕೆಂದು ತಿನ್ನುತ್ತಿದ್ದ ಕಂದು ಬ್ರೆಡ್ಡಿಗೆ ಬಣ್ಣ ಬಂದದ್ದು ಗೋಧಿಯಿಂದಲ್ಲ, ಐಎನ್‌ಎಸ್ 150 ಸರಣಿಯ ಕ್ಯಾರಮೆಲ್‌ನಿಂದ. ಒಂದೇ ಸೀರಿಯಲ್‌ನಲ್ಲಿ ಸಕ್ಕರೆ, ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಮಾಲ್ಟ್ ಎಕ್ಸ್‌ಟ್ರಾಕ್ಟ್ ಎಂದು ಸಿಹಿ ನಾಲ್ಕು ವೇಷದಲ್ಲಿ ಕೂತಿತ್ತು. ನಾಲ್ಕಾಗಿ ಒಡೆದದ್ದರಿಂದ ಯಾವುದೂ ಪಟ್ಟಿಯ ಮೊದಲ ಸ್ಥಾನಕ್ಕೆ ಬಂದಿರಲಿಲ್ಲ.

ಇವೆಲ್ಲ ಕಾನೂನು ಒಪ್ಪಿದ ಪದಾರ್ಥಗಳೇ. ಐಎನ್‌ಎಸ್ ಸಂಖ್ಯೆ ಕಂಡ ಕೂಡಲೇ ವಿಷ ಎಂದು ಕೂಗುವುದೂ ತಪ್ಪು. ಆದರೆ ಇಂಥ ಆಹಾರ ನಮ್ಮ ಹೊಟ್ಟೆಯ ಲೆಕ್ಕವನ್ನೇ ತಪ್ಪಿಸುತ್ತದೆ ಎನ್ನುವುದಕ್ಕೆ ಒಂದು ಗಟ್ಟಿ ಪುರಾವೆ ಇದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ತಂಡ 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಎರಡು ವಾರ ಅತಿಸಂಸ್ಕರಿತ ಆಹಾರ, ಎರಡು ವಾರ ಸಹಜ ಆಹಾರ ಕೊಟ್ಟಿತು. ಮುಂದಿಟ್ಟ ಎರಡೂ ಬಗೆಯ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸಮ. ಎಷ್ಟು ಬೇಕಾದರೂ ತಿನ್ನಬಹುದಿತ್ತು. ಅತಿಸಂಸ್ಕರಿತ ಆಹಾರದ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಎರಡೇ ವಾರದಲ್ಲಿ ಸುಮಾರು 900 ಗ್ರಾಂ ತೂಕ ಏರಿಸಿಕೊಂಡರು. 2019ರ ಈ ಅಧ್ಯಯನ ಓದಿದಾಗ ನನ್ನ ಸಂಜೆಯ ಚಿಪ್ಸ್ ಪೊಟ್ಟಣ ಯಾಕೆ ಅರ್ಧಕ್ಕೆ ನಿಲ್ಲುವುದಿಲ್ಲ ಎಂದು ಅರ್ಥವಾಯಿತು. ಅದು ನನ್ನ ಮನೋಬಲದ ದೋಷ ಅಂದುಕೊಂಡಿದ್ದೆ.

ಸಂಸ್ಕರಣೆಯೆಲ್ಲ ಕೆಟ್ಟದ್ದಲ್ಲ

ಚೀಲ ಇನ್ನೊಂದು ಪಾಠವನ್ನೂ ಕಲಿಸಿತು. ಪೊಟ್ಟಣದಲ್ಲಿ ಬಂದದ್ದೆಲ್ಲ ಶತ್ರುವಲ್ಲ. ಚೆನ್ನೈನ ಗಲ್ಲಿಗಲ್ಲಿಯಲ್ಲಿ ಸಿಗುವ ಇಡ್ಲಿ ಹಿಟ್ಟಿನಲ್ಲಿ ಇರುವುದು ಅಕ್ಕಿ, ಉದ್ದು, ಮೆಂತ್ಯ, ಉಪ್ಪು. ರುಬ್ಬುವುದೂ ಹುಳಿ ಬರಿಸುವುದೂ ಸಂಸ್ಕರಣೆಯೇ, ಆದರೆ ಅದರಿಂದ ಆಹಾರ ಕೆಡುವುದಿಲ್ಲ. ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟುವ ಕುಸುಬಲಕ್ಕಿಯೂ ಹಾಗೆಯೇ. ಬೇಯಿಸುವಾಗ ತೌಡಿನಲ್ಲಿನ ಬಿ1 ಕಾಳಿನೊಳಕ್ಕೆ ಇಳಿಯುವುದರಿಂದ ಕುಸುಬಲಕ್ಕಿ ಉಣ್ಣುವವರಿಗೆ ಬೆರಿಬೆರಿ ಅಷ್ಟಾಗಿ ಬರುತ್ತಿರಲಿಲ್ಲ. ಕರಾವಳಿಯ ನಮ್ಮವರ ಕುಚ್ಚಲಕ್ಕಿಯನ್ನು ಇಲ್ಲಿ ಪುಳುಂಗಲ್ ಅರಿಸಿ ಅನ್ನುತ್ತಾರೆ.

ಹಾಗಾಗಿ ‘ಪ್ಯಾಕೆಟ್ ಮುಟ್ಟಬೇಡಿ’ ಎಂಬ ಉಪದೇಶ ನಮ್ಮಂಥವರಿಗೆ ಕೆಲಸಕ್ಕೆ ಬಾರದು. ಮೊದಲ ಎರಡು ಗುಡ್ಡೆಗಳ 56 ಪೊಟ್ಟಣ ನಮ್ಮ ಬದುಕನ್ನು ನಡೆಸುತ್ತಿವೆ. ತೊಂದರೆ ಇದ್ದದ್ದು 38ರಲ್ಲಿ.

ಈ 38ನ್ನು ತಗ್ಗಿಸಲು ಸರ್ಕಾರದಿಂದಲೂ ಸಹಾಯ ಬೇಕು. ಚಿಲಿ ದೇಶ 2016ರಲ್ಲೇ ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿರುವ ಪೊಟ್ಟಣದ ಮುಂಭಾಗಕ್ಕೆ ಕಪ್ಪು ಎಚ್ಚರಿಕೆ ಮುದ್ರೆ ಕಡ್ಡಾಯ ಮಾಡಿತು. ನಮ್ಮಲ್ಲಿ 2022ರಲ್ಲಿ ಬಂದ ಕರಡು ಎಚ್ಚರಿಕೆಯ ಬದಲು ನಕ್ಷತ್ರ ಕೊಡುವ ಮಾತಾಡಿತು. ಯಾವುದು ಸರಿ ಎಂಬ ವಾದ ವರ್ಷಗಳಿಂದ ನಡೆದಿದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬಿಸ್ಕತ್ತಿಗೆ ಶೇ 18ರಿಂದ 5ಕ್ಕೆ, ಇನ್‌ಸ್ಟಂಟ್ ನೂಡಲ್ಸ್‌ಗೆ ಶೇ 12ರಿಂದ 5ಕ್ಕೆ ಇಳಿದಿದೆ. ಮಾರ್ಗಸೂಚಿ ಕಡಿಮೆ ಮಾಡಿ ಎಂದ ತಿನಿಸು ಅಂಗಡಿಯಲ್ಲಿ ಅಗ್ಗವಾಗಿದೆ. ಮನೆ ಖರ್ಚಿನ ದೃಷ್ಟಿಯಿಂದ ಅದಕ್ಕೆ ಕಾರಣಗಳಿರಬಹುದು, ಆದರೆ ಮಗಳ ಕೈ ಯಾವ ಶೆಲ್ಫಿಗೆ ಹೋಗುತ್ತದೆ ಎಂದು ನಾನು ನೋಡುತ್ತಿದ್ದೇನಲ್ಲ.

ಅಪ್ಪನ ತಟ್ಟೆ

ಇಷ್ಟು ತಿಳಿದ ಮೇಲೆ ಊರಿನ ಊಟವೇ ಅಮೃತ ಎಂದು ಬರೆದು ಮುಗಿಸಿಬಿಡಬಹುದಿತ್ತು. ಆದರೆ ಅಪ್ಪನ ನೆನಪು ಬಿಡಲಿಲ್ಲ. ಅಪ್ಪ ಹಳ್ಳಿ ಶಾಲೆಯ ಮೇಷ್ಟ್ರು. ಜೀವಮಾನದಲ್ಲಿ ಚಿಪ್ಸ್ ತಿಂದವರಲ್ಲ, ನೂಡಲ್ಸ್ ಮುಟ್ಟಿದವರಲ್ಲ. ಆದರೂ 52ನೇ ವಯಸ್ಸಿಗೆ ಸಕ್ಕರೆ ಕಾಯಿಲೆ ಬಂತು, 60ರೊಳಗೆ ಬಲಗಾಲಿನ ಎರಡು ಬೆರಳು ಹೋದವು. ಮನೆ ಊಟವನ್ನೇ ಉಂಡವರಿಗೆ ಹೀಗೇಕೆ?

ವಂಶದ ಪಾಲು ಇದ್ದೇ ಇರುತ್ತದೆ. ಉಳಿದದ್ದಕ್ಕೆ ಉತ್ತರದ ಒಂದು ಭಾಗ, ಮತ್ತೆ ಚೆನ್ನೈನ ಅದೇ ಸಮೀಕ್ಷೆಯವರು 2025ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟಿಸಿದ ವರದಿಯಲ್ಲಿದೆ. ಭಾರತೀಯರಿಗೆ ಶಕ್ತಿಯ ಶೇ 62ರಷ್ಟು ಬರುವುದು ಕಾರ್ಬೊಹೈಡ್ರೇಟಿನಿಂದ, ಅದರಲ್ಲಿ ಹೆಚ್ಚಿನದು ಬಿಳಿ ಅಕ್ಕಿ, ನುಣ್ಣಗೆ ಬೀಸಿದ ಹಿಟ್ಟು, ಸಕ್ಕರೆ. ಇಷ್ಟಕ್ಕೇ ನಿಲ್ಲಲಿಲ್ಲ. ಅಕ್ಕಿ ಬಿಟ್ಟು ಅಷ್ಟೇ ಪ್ರಮಾಣದ ಗೋಧಿ ಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ತಿಂದರೆ ಮಧುಮೇಹದ ಅಪಾಯ ತಗ್ಗಿದಂತೆ ಕಾಣಲಿಲ್ಲ ಎಂದೂ ಅದು ಹೇಳಿತು. ಒಟ್ಟು ಪಿಷ್ಟವೇ ಸ್ವಲ್ಪ ಇಳಿದು ಆ ಜಾಗಕ್ಕೆ ಬೇಳೆಕಾಳು, ಹಾಲು–ಮೊಸರಿನ ಪ್ರೊಟೀನ್ ಬಂದಾಗ ಅಪಾಯ ಕಡಿಮೆ ಇತ್ತು.

ಮುದ್ದೆ ಸೀಮೆಯವನಾದ ನನಗೆ ಇದನ್ನು ಒಪ್ಪಲು ಸ್ವಲ್ಪ ಸಂಕಟವಾಯಿತು. ರಾಗಿಯಲ್ಲಿ ನೂರು ಗ್ರಾಮಿಗೆ 360 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ, 11 ಗ್ರಾಂ ನಾರಿದೆ. ಪಾಲಿಶ್ ಅಕ್ಕಿ ಅದರ ಹತ್ತಿರವೂ ಬರುವುದಿಲ್ಲ. ಆದರೆ ಅದೇ ನೂರು ಗ್ರಾಮಿನಲ್ಲಿ 67 ಗ್ರಾಂ ಕಾರ್ಬೊಹೈಡ್ರೇಟೂ ಇದೆ. ಹೊಲದಲ್ಲಿ ಕೆಲಸ ಮಾಡುವ ತಾತನಿಗೆ ಎರಡು ದೊಡ್ಡ ಮುದ್ದೆ ಸರಿ. ಕುರ್ಚಿಯಲ್ಲಿ ಕೂತ ಮೇಷ್ಟ್ರಿಗೆ ಒಂದು ಮುದ್ದೆ, ಅದರ ಮೇಲೆ ಅನ್ನ, ಮೂರು ಹೊತ್ತು ಸಕ್ಕರೆ ಹಾಕಿದ ಕಾಫಿ, ತಟ್ಟೆಯ ಅಂಚಿನಲ್ಲಿ ಎರಡು ಚಮಚ ಪಲ್ಯ ಎಂದರೆ ಲೆಕ್ಕ ತಪ್ಪಿತು. ಎರಡು ತಲೆಮಾರಿನಲ್ಲಿ ಮೈ ಕೆಲಸ ಹೋಯಿತು, ತಟ್ಟೆಯ ಅಳತೆ ಹಾಗೇ ಉಳಿಯಿತು. ಮಾರ್ಗಸೂಚಿ ಶೇ 45ರ ಗೆರೆ ಎಳೆದದ್ದು ಇದಕ್ಕೇ. ತಟ್ಟೆಯಲ್ಲಿ ತರಕಾರಿ, ಸೊಪ್ಪು, ಕಾಳು ಊಟವಾಗಬೇಕು. ಅನ್ನವೋ ಮುದ್ದೆಯೋ ಅದಕ್ಕೆ ಜೊತೆಯಾಗಬೇಕು. ನಾವು ಮಾಡುತ್ತಿರುವುದು ಇದರ ತಿರುವುಮುರುವು.

ಮಾಡೋರು ಯಾರು?

ಒಂದು ಭಾನುವಾರ ಇದನ್ನೆಲ್ಲ ಪಟ್ಟಿ ಮಾಡಿ ಹೆಂಡತಿಗೆ ತೋರಿಸಿದೆ. ಬೆಳಿಗ್ಗೆ ಅಂಬಲಿ, ಮೊಳಕೆಕಾಳು. ರಾತ್ರಿ ಮುದ್ದೆ, ಬಸ್ಸಾರು, ಪಲ್ಯ. ಬ್ರೆಡ್ಡು ಬಂದ್. ಅವಳು ಗಿಂಡಿಯಲ್ಲಿ ಕೆಲಸ ಮಾಡುತ್ತಾಳೆ, ನನಗಿಂತ ಅರ್ಧ ಗಂಟೆ ಮುಂಚೆ ಮನೆಗೆ ಬರುತ್ತಾಳೆ ಅಷ್ಟೆ. ಪಟ್ಟಿಯನ್ನು ಪೂರ್ತಿ ಓದಿ, ‘ತುಂಬಾ ಚೆನ್ನಾಗಿದೆ. ಮಾಡೋರು ಯಾರು?’ ಎಂದಳು.

ಆಗ ನಾನು ಫೋನ್ ತೆಗೆದು ಆರ್ಡರ್‌ಗಳ ಹಳೆಯ ಪಟ್ಟಿ ನೋಡಿದೆ. ಆ 38ರಲ್ಲಿ 23 ಬಂದದ್ದು ಸೋಮವಾರದಿಂದ ಗುರುವಾರದೊಳಗೆ, ರಾತ್ರಿ ಎಂಟೂವರೆಯಿಂದ ಹತ್ತರೊಳಗೆ. ಮಂಗಳವಾರ ಎಲ್ಲಕ್ಕಿಂತ ಹೆಚ್ಚು, ಯಾಕೆಂದರೆ ಅಂದು ಅಮೆರಿಕದ ಟೀಮಿನ ಜೊತೆ ನನ್ನ ಮೀಟಿಂಗ್. ನಮಗೆ ರುಚಿ ಕೆಟ್ಟಿರಲಿಲ್ಲ, ತಿಳಿವಳಿಕೆಯೂ ಕಡಿಮೆಯಿರಲಿಲ್ಲ. ಇಬ್ಬರು ದಣಿದವರು, ಒಂದು ಹಸಿದ ಮಗು, ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುವ ಪೊಟ್ಟಣ. ಆ ಹೊತ್ತಿಗೆ ಯಾವ ಮಾರ್ಗಸೂಚಿಯೂ ನಮ್ಮ ಕೈ ಹಿಡಿಯುವುದಿಲ್ಲ.

ಅಮ್ಮನಿಗೆ ಫೋನ್ ಮಾಡಿ ಕೇಳಿದೆ, ‘ಅಷ್ಟೆಲ್ಲ ಹೆಂಗಮ್ಮ ಮಾಡ್ತಿದ್ದೆ?’ ಎಂದು. ಅವಳು ಹೇಳಿದ್ದನ್ನು ನಾನು ಇನ್ನೂ ಮರೆತಿಲ್ಲ. ‘ಐದಕ್ಕೆ ಏಳ್ತಿದ್ದೆ, ಹತ್ತಕ್ಕೆ ಮಲಗ್ತಿದ್ದೆ. ಬಿಸಿ ಮುದ್ದೆ ಉಂಡೋರು ನೀವು ಕಣಪ್ಪ. ನಾನು ಉಂಡಿದ್ದು ಆರಿದ್ದು.’ ದೂರಿನ ದನಿಯಲ್ಲಿ ಹೇಳಲಿಲ್ಲ. ಸಂತೆಯ ದರ ಹೇಳಿದಂತೆ ಹೇಳಿದಳು.

ಡಾಕ್ಟರ್ ಕೇಳಿದ ‘ಇಲ್ಲಿ ಯಾಕಿಲ್ಲ’ ಎಂಬ ಪ್ರಶ್ನೆಗೆ ಉತ್ತರ ಇದೇ. ಊರಿನಲ್ಲಿ ಮುದ್ದೆ–ಸೊಪ್ಪಿನ ಸಾರು ಇದ್ದದ್ದು ಅಲ್ಲಿ ಅಮ್ಮ ಇದ್ದದ್ದರಿಂದ. ಅವಳ ದುಡಿಮೆಯನ್ನು ಊರಲ್ಲೇ ಬಿಟ್ಟು ಬಂದ ನಾನು ಆ ಜಾಗಕ್ಕೆ ನನ್ನ ಕೈ ಹಾಕಲಿಲ್ಲ; ಪೊಟ್ಟಣ ಬಂತು. ಕೇಂದ್ರದ ಅಂಕಿಅಂಶ ಇಲಾಖೆ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಅದಕ್ಕೆ ಕೊಡುತ್ತಾರೆ. ಅದೂ ನೂರು ಗಂಡಸರಲ್ಲಿ ಮನೆಗೆಲಸ ಮಾಡುವವರೇ 26 ಮಂದಿ. ‘ಸಹಜ ಆಹಾರಕ್ಕೆ ಹಿಂದಿರುಗೋಣ’ ಎಂದು ಗಂಡಸು ವೇದಿಕೆಯಲ್ಲಿ ನಿಂತು ಹೇಳಿದರೆ, ಹಿಂದಿರುಗಿ ಒಲೆ ಮುಂದೆ ನಿಲ್ಲಬೇಕಾದವಳು ಹೆಂಗಸು. ಆ ಮಾತನ್ನು ಬಿಟ್ಟು ಆಹಾರದ ಬಗ್ಗೆ ಏನು ಬರೆದರೂ ಅದು ಅರ್ಧ ಸತ್ಯ.

ಒಂಬತ್ತು ಗಂಟೆಗೆ ಸಿದ್ಧವಾಗಿರುವುದು

ಮನೆಯಲ್ಲಿ ಹೊಸ ಒಪ್ಪಂದವಾಯಿತು. ಮಂಗಳವಾರ, ಗುರುವಾರ ರಾತ್ರಿಯ ಅಡುಗೆ ನನ್ನದು. ಸೋಮವಾರ, ಬುಧವಾರ ಅವಳದ್ದು. ಶುಕ್ರವಾರ ಹೊರಗೆ. ಶನಿವಾರ ಯಾರಿಗೆ ಮನಸ್ಸಿದೆಯೋ ಅವರು. ಭಾನುವಾರ ಸಂಜೆ ಒಂದು ಗಂಟೆ ಇಬ್ಬರೂ ಸೇರಿ ವಾರದ ತಯಾರಿ. ಹುರುಳಿ, ಹೆಸರು ಮೊಳಕೆಗೆ ಕಟ್ಟುವುದು, ಸೊಪ್ಪು ಬಿಡಿಸಿ ಡಬ್ಬಕ್ಕೆ ಹಾಕುವುದು, ಸಾರಿಗೆ ಖಾರ ರುಬ್ಬಿ ಫ್ರಿಜ್ಜಿನಲ್ಲಿಡುವುದು, ಕಡಲೆಕಾಳು ಬೇಯಿಸಿಡುವುದು. ಮಂಗಳವಾರ ಒಂಬತ್ತಕ್ಕೆ ಬಂದಾಗ ಅರ್ಧ ಕೆಲಸ ಮುಗಿದಿರುತ್ತದೆ. ಉಳಿದದ್ದಕ್ಕೆ ಇಪ್ಪತ್ತೈದು ನಿಮಿಷ ಸಾಕು.

ಸಾಮಾನಿಗೆ ಊರಿನ ಬಸ್ಸು ಕಾಯಬೇಕಿಲ್ಲ. ಭಾಷೆ ತಿಳಿದರೆ ಚೆನ್ನೈನ ಸಂತೆ ನಮ್ಮದೇ ಸಂತೆ. ರಾಗಿಗೆ ಇಲ್ಲಿ ಕೇಳ್ವರಗು, ಹುರುಳಿಗೆ ಕೊಳ್ಳು, ಅಲಸಂದೆಗೆ ಕಾರಾಮಣಿ, ನವಣೆಗೆ ತಿನೈ. ಸೊಪ್ಪೆಲ್ಲ ಕೀರೈ: ನುಗ್ಗೆಸೊಪ್ಪು ಮುರುಂಗೈಕ್ಕೀರೈ, ಹೊನಗೊನ್ನೆ ಪೊನ್ನಾಂಗಣ್ಣಿ. ಇಲ್ಲಿಯವರ ಕೀರೈ ಕಡೈಯಲ್ ನಮ್ಮ ಮಸ್ಸೊಪ್ಪಿನ ದಾಯಾದಿ. ಮೆರೀನಾ ತೀರದಲ್ಲಿ ಮಾವಿನಕಾಯಿ, ಕಾಯಿಚೂರು ಸೇರಿಸಿ ಪೇಪರ್ ಪೊಟ್ಟಣದಲ್ಲಿ ಕೊಡುವ ಬಟಾಣಿ ಸುಂಡಲ್ ನಮ್ಮ ಉಸ್ಲಿಯೇ. ಮಗಳ ಸ್ನ್ಯಾಕ್ಸ್ ಡಬ್ಬಿಗೆ ವಾರದಲ್ಲಿ ಮೂರು ದಿನ ಅದೇ ಹೋಗುತ್ತದೆ. ಮೊದಲ ವಾರ ಹಾಗೇ ವಾಪಸ್ ಬಂತು. ಗೆಳತಿಯೊಬ್ಬಳು ಇಷ್ಟಪಟ್ಟು ತಿಂದ ಮೇಲೆ ಖಾಲಿ ಡಬ್ಬಿ ಬರತೊಡಗಿತು.

ಆಫೀಸಿನ ಹತ್ತಿರ ನಾನು ಒಂಬತ್ತು ವರ್ಷ ಕಣ್ಣೆತ್ತಿ ನೋಡದ ಒಂದು ತಳ್ಳುಗಾಡಿ ಇದೆ. ದೊಡ್ಡ ಪಾತ್ರೆಯಲ್ಲಿ ಕೂಳು. ರಾಗಿ ಹಿಟ್ಟನ್ನು ಹುಳಿ ಬರಿಸಿ, ನುಚ್ಚಕ್ಕಿ ಹಾಕಿ ಬೇಯಿಸಿ, ಮಜ್ಜಿಗೆ ಬೆರೆಸಿದ್ದು. ಪಕ್ಕಕ್ಕೆ ಸಣ್ಣ ಈರುಳ್ಳಿ, ಮಜ್ಜಿಗೆ ಮೆಣಸಿನಕಾಯಿ. ಆಡಿ ತಿಂಗಳಲ್ಲಿ ಅಮ್ಮನ್ ಗುಡಿಗಳಲ್ಲಿ ಹಂಚುವುದೂ ಇದನ್ನೇ. ನಮ್ಮ ಅಂಬಲಿಯ ಸೋದರಿ. ಆಟೋದವರು, ಕಟ್ಟಡ ಕೆಲಸದವರು ನಿಂತು ಕುಡಿಯುತ್ತಾರೆ. ನಾನು ಹೋದ ಮೊದಲ ದಿನ ಆ ಅಕ್ಕ ನನ್ನ ಕೊರಳ ಐಡಿ ಕಾರ್ಡು ನೋಡಿ, ‘ತಂಬಿ, ನಿಮ್ಮ ಬಿಲ್ಡಿಂಗಿನಲ್ಲಿ ಇದು ಸಿಗಲ್ವಾ?’ ಎಂದಳು. ಸಿಗುತ್ತದೆ ಅಕ್ಕಾ, ಬಿಸ್ಕತ್ತಿನ ರೂಪದಲ್ಲಿ, ಶೇ 12 ಎಂದು ಹೇಳಲು ನನ್ನ ತಮಿಳು ಸಾಲಲಿಲ್ಲ. ಈಗ ಹನ್ನೊಂದು ಗಂಟೆಯ ಬಿಸ್ಕತ್ತಿನ ಜಾಗದಲ್ಲಿ ಒಂದು ಲೋಟ ಕೂಳು ಇದೆ.

ಮುದ್ದೆ ಕಲಿಯುವುದು ಮಾತ್ರ ಸುಲಭವಾಗಲಿಲ್ಲ. ಎಸರು ಮರಳುವಾಗ ಹಿಟ್ಟು ಸುರಿದು, ನಡುವೆ ಕೋಲಿನಿಂದ ತೂತು ಮಾಡಿ, ಬೇಯಲು ಬಿಟ್ಟು ತೊಳಸಬೇಕು ಎಂದು ಅಮ್ಮ ವಿಡಿಯೊ ಕಾಲ್‌ನಲ್ಲಿ ಹತ್ತು ಸಲ ಹೇಳಿದ್ದಾಳೆ. ಅವಸರ ಮಾಡಿದ ದಿನ ಗಂಟು. ನನ್ನ ಮೊದಲ ಮುದ್ದೆಯನ್ನು ಮಗಳು ಟೆನಿಸ್ ಬಾಲ್ ಅಂದಳು. ಗಾತ್ರವೂ ಅಷ್ಟೇ ಇರಲಿ ಎಂದು ಗೊತ್ತುಮಾಡಿಕೊಂಡೆ. ಒಬ್ಬರಿಗೆ ಒಂದೇ ಸಣ್ಣ ಮುದ್ದೆ, ಬಟ್ಟಲು ತುಂಬ ಕಾಳು–ಸೊಪ್ಪಿನ ಸಾರು, ಪಲ್ಯ, ಮೊಸರು. ಅನ್ನ ಇದ್ದರೆ ಮುದ್ದೆ ಇಲ್ಲ.

ಐದು ತಿಂಗಳ ಮೇಲೆ ಎಚ್‌ಬಿಎ1ಸಿ 5.8. ಇನ್ನೂ ಹೊಸ್ತಿಲ ಮೇಲೆಯೇ ಇದ್ದೇನೆ, ಆದರೆ ಮುಖ ಹೊರಕ್ಕೆ ತಿರುಗಿದೆ. ಊಟದ ಜೊತೆ ದಿನಕ್ಕೆ ನಲವತ್ತು ನಿಮಿಷ ನಡಿಗೆಯೂ ಇತ್ತು, ಹಾಗಾಗಿ ಎಲ್ಲ ಪುಣ್ಯವನ್ನೂ ಮುದ್ದೆಗೆ ಕೊಡಲಾರೆ. ನನಗೆ ಆದಂತೆ ಎಲ್ಲರಿಗೂ ಆಗುತ್ತದೆ ಎಂದೂ ಹೇಳಲಾರೆ. ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಏನನ್ನೂ ಬದಲಿಸಬೇಡಿ. ಮತ್ತೊಂದು ತಿಂಗಳು ಚೀಲ ನೇತುಹಾಕಿದೆವು. ಮೂರನೇ ಗುಡ್ಡೆಯಲ್ಲಿ ಈ ಸಲ 13. ಎರಡು ನೂಡಲ್ಸ್ ಪೊಟ್ಟಣವೂ ಇವೆ, ಎರಡೂ ಮಂಗಳವಾರದವೇ.

ಕಳೆದ ತಿಂಗಳು ಅಪ್ಪ–ಅಮ್ಮ ಕಾವೇರಿ ಎಕ್ಸ್‌ಪ್ರೆಸ್ಸಿನಲ್ಲಿ ಬಂದಿದ್ದರು. ಬಂದದ್ದು ಮಂಗಳವಾರ. ರಾತ್ರಿ ನಾನು ಒಲೆ ಹಚ್ಚಿದ್ದು ಕಂಡು ಅಮ್ಮ ಎದ್ದು ಬಂದಳು. ‘ನೀನು ಕೂತ್ಕೊ, ತಟ್ಟೆ ಹಾಕ್ಕೊ’ ಎಂದೆ. ಎಲ್ಲರಿಗಿಂತ ಮೊದಲು ಅವಳ ತಟ್ಟೆಗೆ ಹೊಗೆಯಾಡುವ ಮುದ್ದೆ ಬಿತ್ತು. ಬೆರಳು ಸುಟ್ಟಂತಾಗಿ ಒಮ್ಮೆ ಕೈ ಹಿಂದಕ್ಕೆ ತೆಗೆದಳು. ಆಮೇಲೆ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ ನುಂಗಿದಳು.

‘ಗಂಟಿದೆ’ ಎಂದಳು. ಇನ್ನೊಂದು ತುತ್ತು ಮುರಿದಳು.